ಶ್ರೀರಂಗಪಟ್ಟಣದ ಸೀಮೆಯಲ್ಲಿ ಶಬ್ದ, ವಸ್ತು ಮತ್ತು ಅರ್ಥ: ಒಂದು ಐತಿಹಾಸಿಕ ವಿವೇಚನೆ

ಮಹಾಕವಿ ಕಾಳಿದಾಸನು ರಘುವಂಶದ ಆರಂಭದಲ್ಲಿ ಜಗತ್ತಿನ ತಾಯಿತಂದೆಗಳಾದ ಪಾರ್ವತೀಪರಮೇಶ್ವರರಿಗೆ ವಂದಿಸುವಾಗ, ಅವರ ಅಗಲದ ಒಂದಾಗಿರುವಿಕೆಗೆ ಹೋಲಿಕೆಯಾಗಿ ಆರಿಸಿಕೊಂಡದ್ದು ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವನ್ನು. ಶಿವನಿಂದ ಶಕ್ತಿಯನ್ನು ಬೇರ್ಪಡಿಸಲಾಗದಂತೆ ಮಾತಿನಿಂದ ಅದರ ಅರ್ಥವನ್ನು ಬೇರ್ಪಡಿಸಲಾಗದು ಎಂಬುದು ಕವಿಯ ಭಾವ. ಇದು ಎಷ್ಟು ನಿಜವೋ, ಅಷ್ಟೇ ನಿಜವಾದ ಇನ್ನೊಂದು ಸಂಗತಿಯೂ ಉಂಟು. ಶಬ್ದಾರ್ಥಗಳ ಈ ದಾಂಪತ್ಯವು ಒಂದು ಭಾಷೆಯ, ಒಂದು ಜನದ ಮನೆಯೊಳಗೆ ಮಾತ್ರ ಸುಭದ್ರವಾಗಿರುತ್ತದೆ. ಮನೆಯ ಹೊಸ್ತಿಲು ದಾಟಿ ಪರರ ಕಿವಿಗೆ ಬಿದ್ದೊಡನೆ ಶಬ್ದವು ತನ್ನ ಅರ್ಥವನ್ನು ಕಳೆದುಕೊಂಡು, ಅಲ್ಲಿ ಸಿದ್ಧವಾಗಿ ಕಾದಿರುವ ಇನ್ನೊಂದು ಅರ್ಥದ ಕೈ ಹಿಡಿಯುತ್ತದೆ. ಆ ಎರಡನೆಯ ಅರ್ಥವು ಒಮ್ಮೊಮ್ಮೆ ನಗೆಗೆ ಕಾರಣವಾಗುವುದು. ಒಮ್ಮೊಮ್ಮೆ ಮನಸ್ಸಿನ ಮರ್ಮಸ್ಥಾನಕ್ಕೇ ತಾಗುವುದು.

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಈ ಸಂಗತಿಯನ್ನು ಪರಿಶೀಲಿಸುವುದಕ್ಕೆ ಬಹು ಯೋಗ್ಯವಾದ ನೆಲ. ಕನ್ನಡ, ತಮಿಳು, ಪಾರಸಿ, ಫ್ರೆಂಚ್, ಇಂಗ್ಲಿಷ್ ಭಾಷೆಗಳನ್ನಾಡುವ ಜನರು ಇಲ್ಲಿ ಹತ್ತಿರ ಹತ್ತಿರ ಬಾಳಿದ್ದಾರೆ, ಕಾದಾಡಿದ್ದಾರೆ, ಒಬ್ಬರನ್ನು ಕುರಿತು ಇನ್ನೊಬ್ಬರು ಬರೆದಿದ್ದಾರೆ. ಆ ಬರೆಹಗಳಲ್ಲಿ ಒಂದು, ಲಿಂಗಧಾರಿಗಳಾದ ನಮ್ಮನ್ನು ನೇರವಾಗಿ ಮುಟ್ಟುವಂಥದು. ಅಲ್ಲಿಗೆ ಹೋಗುವ ಮುನ್ನ ಊರುಗಳ ಹೆಸರಿನಿಂದಲೇ ಆರಂಭಿಸುವುದು ಉಚಿತ.

ನಾಗಮಂಗಲವೆಂಬ ಹೆಸರನ್ನು ಗಮನಿಸಬೇಕು. ನಾಗ ಮತ್ತು ಮಂಗಲ ಎಂಬ ಎರಡು ಪದಗಳು ಇಲ್ಲಿ ಜೊತೆಗೂಡಿರುವುದು ನಮಗೆ ಸಹಜವೇ ಆಗಿದೆ. ಅಶ್ವತ್ಥದ ಕಟ್ಟೆಯ ಮೇಲೆ ನಾಗರಕಲ್ಲನ್ನು ನಿಲ್ಲಿಸಿ, ಸಂತಾನಕ್ಕಾಗಿ ಹರಕೆ ಹೊತ್ತು, ಹಾಲೆರೆಯುವ ಜನ ನಾವು. ಆದರೆ ಬೈಬಲ್ಲಿನ ಮೊದಲ ಪುಸ್ತಕವನ್ನು ಓದಿ ಬೆಳೆದವನಿಗೆ ಸರ್ಪವು ಆದಿಸ್ತ್ರೀಯನ್ನು ವಂಚಿಸಿ ದೇವರ ಶಾಪಕ್ಕೆ ಗುರಿಯಾದ ಪ್ರಾಣಿ. ಅಂಥವನಿಗೆ ಈ ಊರಿನ ಹೆಸರು ಪರಸ್ಪರ ವಿರುದ್ಧವಾದ ಎರಡು ಪದಗಳ ಜೋಡಣೆಯಾಗಿ ತೋರಿದರೆ ಆಶ್ಚರ್ಯವಿಲ್ಲ. ಪ್ರಾಣಿ ಒಂದೇ, ಒಬ್ಬನು ಕೈಮುಗಿಯುತ್ತಾನೆ, ಇನ್ನೊಬ್ಬನು ಶಪಿಸುತ್ತಾನೆ.

ಕೃಷ್ಣರಾಜಪೇಟೆಗೆ ೧೮೯೧ರವರೆಗೆ ಅತ್ತಿಕುಪ್ಪೆ ಎಂಬ ಹೆಸರಿತ್ತು. ಅತ್ತಿಯೆಂಬುದು ಮರದ ಹೆಸರು. ಕುಪ್ಪೆಯೆಂದರೆ ಕನ್ನಡದಲ್ಲಿ ರಾಶಿ, ಗುಡ್ಡೆ. ಕಣದಲ್ಲಿ ಧಾನ್ಯವನ್ನು ಕುಪ್ಪೆ ಹಾಕುವುದು ಒಕ್ಕಲಿಗನ ಪಾಲಿಗೆ ಸಮೃದ್ಧಿಯ ಲಕ್ಷಣ. ಇದಕ್ಕೆ ಸೋದರ ಶಬ್ದವಾದ ತಮಿಳಿನ ‘ಕುಪ್ಪೈ’ ಎಂಬುದಕ್ಕಾದರೋ ಕಸವೆಂಬ ಅರ್ಥವೇ ಇಂದು ರೂಢಿಯಲ್ಲಿದೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಎರಡು ಶಬ್ದಗಳಲ್ಲಿ ಒಂದು ಕಣಕ್ಕೆ ಹೋಯಿತು, ಇನ್ನೊಂದು ಬೀದಿಯ ಮೂಲೆಗೆ ಹೋಯಿತು. ನೆಂಟ ಭಾಷೆಗಳ ನಡುವೆಯೇ ಹೀಗಾದರೆ, ಕಡಲಾಚೆಯ ಭಾಷೆಗಳ ಮಾತು ಹೇಳಬೇಕಾದುದೇನು?

ಮೂರನೆಯದು ಪಾಂಡವಪುರ. ಇದರ ಹಿಂದಿನ ಹೆಸರು ಹಿರೋಡೆ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿಯ ಬಂಡೆಗುಡ್ಡದ ಬಳಿ ಬೀಡು ಬಿಟ್ಟಿದ್ದರು. ಅದರಿಂದಾಗಿ ಇಂಗ್ಲಿಷರು ಈ ಊರನ್ನು ‘ಫ್ರೆಂಚ್ ರಾಕ್ಸ್’ ಎಂದು ಕರೆದರು. ನಕಾಶೆಗಳಲ್ಲಿಯೂ ಸರಕಾರಿ ಕಾಗದಗಳಲ್ಲಿಯೂ ಅದೇ ಹೆಸರು ಬಹುಕಾಲ ನಿಂತಿತು. ಸುತ್ತಲಿನ ಜನರಾದರೋ ಹತ್ತಿರದ ಕುಂತಿಬೆಟ್ಟದಲ್ಲಿ ವನವಾಸದ ಪಾಂಡವರನ್ನೂ ಅವರ ತಾಯಿಯನ್ನೂ ಕಂಡವರು. ಇಪ್ಪತ್ತನೆಯ ಶತಮಾನದಲ್ಲಿ ಪಾಂಡವಪುರವೆಂಬ ಹೆಸರು ನೆಲೆಗೊಂಡಿತು. ಆಂಗ್ಲ ಸೇನಾನಿಗೆ ಶತ್ರುವಿನ ಮಿತ್ರರು ತಂಗಿದ್ದ ಬಂಡೆ, ಗ್ರಾಮಸ್ಥನಿಗೆ ಧರ್ಮರಾಯನು ಮೆಟ್ಟಿದ ನೆಲ: ಕಲ್ಲು ಮಾತ್ರ ಅದೇ ಕಲ್ಲು.

ಈ ಫ್ರೆಂಚರನ್ನೂ ಅವರಂತೆ ಬಿಳಿಯ ಮೈಬಣ್ಣದ ಇತರರನ್ನೂ ನಮ್ಮ ಜನ ಒಟ್ಟಾಗಿ ಕರೆದದ್ದು ‘ಪರಂಗಿ’ ಎಂಬ ಶಬ್ದದಿಂದ. ಈ ಶಬ್ದದ ಚರಿತ್ರೆ ಸ್ವಾರಸ್ಯವಾದುದು. ಯೂರೋಪಿನಲ್ಲಿ ಫ್ರಾಂಕ್ ಎಂಬ ಒಂದು ಜನಾಂಗವಿತ್ತು. ಫ್ರಾನ್ಸ್ ದೇಶಕ್ಕೆ ಆ ಹೆಸರು ಬಂದುದು ಅವರಿಂದಲೇ. ಕ್ರೈಸ್ತರಿಗೂ ಮುಸಲ್ಮಾನರಿಗೂ ಜೆರೂಸಲೇಮಿನ ಸಲುವಾಗಿ ಯುದ್ಧಗಳಾದ ಕಾಲದಲ್ಲಿ ಅರಬರು ಪಶ್ಚಿಮದಿಂದ ಬಂದವರೆಲ್ಲರನ್ನೂ ಈ ಹೆಸರಿನಿಂದ ಕರೆದರು. ಪಾರಸಿಯಲ್ಲಿ ಅದು ‘ಫರಂಗಿ’ಯಾಯಿತು. ಪೋರ್ತುಗೀಜರು ನಮ್ಮ ಕರಾವಳಿಗೆ ಬಂದಾಗ ಅವರಿಗೆ ಈ ಹೆಸರು ಸಿದ್ಧವಾಗಿಯೇ ಇತ್ತು. ಆಮೇಲೆ ಅವರು ತಂದುದಕ್ಕೆಲ್ಲ ಅದೇ ಹೆಸರು ಅಂಟಿಕೊಂಡಿತು. ಅಮೆರಿಕದ ಮೂಲದ ಹಣ್ಣೊಂದು ನಮ್ಮ ಹಿತ್ತಿಲಿನ ಪರಂಗಿಹಣ್ಣಾಯಿತು. ಕೋಟೆಯ ಮೇಲಿನ ತೋಪು ಫಿರಂಗಿಯಾಯಿತು. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ‘ಭಾವಪ್ರಕಾಶ’ವೆಂಬ ವೈದ್ಯಗ್ರಂಥದಲ್ಲಿ ಹೊಸದಾಗಿ ಬಂದ ಗುಹ್ಯರೋಗವೊಂದನ್ನು ಫಿರಂಗರೋಗವೆಂದು ವರ್ಣಿಸಿದನು. ಆ ರೋಗಕ್ಕೆ ಔಷಧವಾಗಿ ಬಳಸಿದ ಬೇರಿಗೂ ಪರಂಗಿಚಕ್ಕೆಯೆಂಬ ಹೆಸರೇ ಬಂದಿತು. ಹಣ್ಣಿನ ಸಿಹಿ, ತೋಪಿನ ಭಯ, ರೋಗದ ಹೇಸಿಗೆ ಈ ಮೂರೂ ಒಂದೇ ಶಬ್ದದ ಒಡಲಲ್ಲಿ ಸೇರಿದವು.

ಕ್ರಮೇಣ ಇದು ಬೈಗಳೂ ಆಯಿತು. ದನದ ಮಾಂಸವನ್ನು ತಿನ್ನುವವನು, ಮದ್ಯ ಕುಡಿಯುವವನು, ಆಚಾರವರಿಯದವನು ಎಂಬ ಧ್ವನಿಗಳೆಲ್ಲ ಅದಕ್ಕೆ ಸೇರಿದವು. ೧೬೦೬ರಲ್ಲಿ ಮದುರೆಗೆ ಬಂದ ಇಟಲಿ ದೇಶದ ಪಾದ್ರಿ ರಾಬರ್ಟ್ ಡಿ ನೊಬಿಲಿಗೆ ಈ ಧ್ವನಿ ಬೇಗನೆ ತಿಳಿಯಿತು. ಅವನಿಗಿಂತ ಮುಂಚೆ ಅಲ್ಲಿದ್ದವರು ಕ್ರೈಸ್ತನಾಗುವುದನ್ನು ಪರಂಗಿಯರ ಕುಲಕ್ಕೆ ಸೇರುವುದೆಂದೇ ತಮಿಳಿನಲ್ಲಿ ಹೇಳುತ್ತಿದ್ದರಂತೆ. ಕೇಳಿದವರಿಗೆ ಅದು ಧರ್ಮದ ಆಹ್ವಾನವಾಗಿ ಕೇಳಿಸದೆ ಭ್ರಷ್ಟತೆಯ ಆಹ್ವಾನವಾಗಿ ಕೇಳಿಸಿತು. ಡಿ ನೊಬಿಲಿಯು ಕಾವಿ ಉಟ್ಟು, ಮಾಂಸವನ್ನು ತೊರೆದು, ತಾನು ಪರಂಗಿಯಲ್ಲವೆಂದು ಬಹಿರಂಗವಾಗಿ ಸಾರಬೇಕಾಯಿತು.

ಪರಕೀಯರನ್ನು ಹೆಸರಿಸುವ ಶಬ್ದಗಳೆಲ್ಲ ಹೀಗೆ ಕೆಡಲೇಬೇಕೆಂಬ ನಿಯಮವೇನೂ ಇಲ್ಲ. ಅದೇ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ ಹೋದರೆ ಇದಕ್ಕೆ ವಿರುದ್ಧವಾದ ನಿದರ್ಶನ ದೊರೆಯುತ್ತದೆ. ಶ್ರೀರಾಮಾನುಜಾಚಾರ್ಯರು ದಿಲ್ಲಿಯಿಂದ ಉತ್ಸವಮೂರ್ತಿಯನ್ನು ಮರಳಿ ತಂದಾಗ, ಆ ಮೂರ್ತಿಯನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದ್ದ ಸುಲ್ತಾನನ ಮಗಳು ಹಿಂದೆಯೇ ಬಂದು ಸ್ವಾಮಿಯಲ್ಲಿ ಐಕ್ಯಳಾದಳೆಂದು ಅಲ್ಲಿಯ ಐತಿಹ್ಯ. ಆಕೆಯನ್ನು ಬೀಬಿ ನಾಚ್ಚಿಯಾರ್ ಎಂದೂ ತುಲುಕ್ಕ ನಾಚ್ಚಿಯಾರ್ ಎಂದೂ ಶ್ರೀವೈಷ್ಣವರು ಪೂಜಿಸುತ್ತಾರೆ. ತುಲುಕ್ಕ ಎಂದರೆ ತುರುಕ. ಬೇರೆಡೆ ಜಗಳದಲ್ಲಿ ಎಸೆಯುವ ಕಲ್ಲಾಗಿದ್ದ ಶಬ್ದವೊಂದು ಇಲ್ಲಿ ದೇವಿಯ ಹೆಸರಿನ ಭಾಗವಾಯಿತು. ಶಬ್ದವು ಅದೇ, ಅದನ್ನು ಉಚ್ಚರಿಸುವ ಹೃದಯ ಬೇರೆ.

ಶಬ್ದಗಳಂತೆ ವಸ್ತುಗಳೂ ಅರ್ಥವನ್ನು ಬದಲಾಯಿಸುತ್ತವೆ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣದ ಕೋಟೆ ಇಂಗ್ಲಿಷರ ವಶವಾಯಿತು, ಟಿಪ್ಪು ಮಡಿದನು. ಅರಮನೆಯಲ್ಲಿ ದೊರೆತ ವಸ್ತುಗಳಲ್ಲಿ ಮರದ ಹುಲಿಯೊಂದಿತ್ತು. ಅದು ಐರೋಪ್ಯನೊಬ್ಬನ ಮೇಲೆ ಬಿದ್ದಿದೆ. ಒಳಗೆ ಅಳವಡಿಸಿದ ಯಂತ್ರವನ್ನು ತಿರುಗಿಸಿದರೆ ಹುಲಿಯ ಗರ್ಜನೆಯೂ ಮನುಷ್ಯನ ನರಳಾಟವೂ ಕೇಳಿಸುತ್ತವೆ. ಹುಲಿಯನ್ನು ತನ್ನ ಲಾಂಛನವಾಗಿಸಿಕೊಂಡಿದ್ದ ಟಿಪ್ಪುವಿಗೆ ಇದು ಪರಾಕ್ರಮದ ಪ್ರತೀಕ. ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಭವನದಲ್ಲಿ ಪ್ರದರ್ಶನಕ್ಕಿಟ್ಟಾಗ ಅದೇ ವಸ್ತುವು ಅವನ ಕ್ರೌರ್ಯಕ್ಕೆ ಸಾಕ್ಷಿಯಾಯಿತು. ಇಂದು ಅದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ನೋಡಲು ಬರುವ ಮಕ್ಕಳಿಗೆ ಅದೊಂದು ವಿಚಿತ್ರವಾದ ಆಟಿಕೆ.

ಈ ಯುದ್ಧದ ನೆನಪಿಗಾಗಿ ಕಂಪನಿಯು ಪದಕವೊಂದನ್ನು ಅಚ್ಚು ಹಾಕಿಸಿತು. ಅದರಲ್ಲಿ ಬ್ರಿಟನ್ನಿನ ಸಿಂಹವು ಹುಲಿಯನ್ನು ಕೆಡವಿದೆ. ಮೇಲೆ ಧ್ವಜದಲ್ಲಿ ‘ದೇವರ ಸಿಂಹವೇ ವಿಜಯಿ’ ಎಂಬ ಅರ್ಥದ ಅರಬ್ಬೀ ಮಾತಿದೆ. ಇದು ಮುಸಲ್ಮಾನರು ಹಜರತ್ ಅಲಿಯವರಿಗೆ ಸಲ್ಲಿಸುವ ಬಿರುದು. ಟಿಪ್ಪುವಿನ ಧ್ವಜದ ಮೇಲೆ ಹುಲಿಯ ಮುಖದ ಆಕಾರದಲ್ಲಿ ಬರೆಯಿಸಿದ್ದುದೂ ಇದೇ ಮಾತು. ಸೋತವನ ಮಂತ್ರವನ್ನು ಗೆದ್ದವನು ತನ್ನ ಎದೆಯ ಮೇಲೆ ಧರಿಸಿದನು. ಅಕ್ಷರ ಒಂದೂ ಬದಲಾಗಲಿಲ್ಲ, ಅರ್ಥವೆಲ್ಲ ತಿರುಗಿಬಿಟ್ಟಿತು.

ಪ್ರಕೃತ ವಿಷಯದ ಹೃದಯಭಾಗಕ್ಕೆ ಈಗ ಬರೋಣ. ಶ್ರೀರಂಗಪಟ್ಟಣವು ಬಿದ್ದ ಬಳಿಕ, ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸುವುದಕ್ಕಾಗಿ ಅಲ್ಲಿಗೆ ಬಂದವನು ಅಬ್ಬೆ ದುಬುವಾ ಎಂಬ ಫ್ರೆಂಚ್ ಪಾದ್ರಿ. ೧೭೯೨ರಲ್ಲಿ ಭಾರತಕ್ಕೆ ಬಂದು ೧೮೨೩ರಲ್ಲಿ ಹಿಂದಿರುಗಿದ ಈತನು ಮೂವತ್ತೊಂದು ವರ್ಷ ನಮ್ಮ ಜನರ ನಡುವೆ ಇದ್ದನು. ನಮ್ಮವರಂತೆ ಉಡುಗೆ ತೊಟ್ಟನು, ತಲೆಗೆ ರುಮಾಲು ಸುತ್ತಿದನು, ಜನರ ಮನಸ್ಸಿಗೆ ನೋವಾಗುವ ಆಹಾರವನ್ನು ಬಿಟ್ಟನು. ಸಿಡುಬು ತಾಂಡವವಾಡುತ್ತಿದ್ದ ಕಾಲದಲ್ಲಿ ಸಾವಿರಾರು ಮಂದಿಗೆ ಮೈಲಿ ಹಾಕಿಸಿದನು. ಅವನು ರೋಗವೆಂದು ತಿಳಿದುದನ್ನು ಜನ ‘ಅಮ್ಮ’ ಎಂದು ಕರೆದು, ಬೇವಿನ ಸೊಪ್ಪು ಕಟ್ಟಿ, ತಂಪೆರೆದು ಬೀಳ್ಕೊಡುತ್ತಿದ್ದರು. ಗಂಜಾಮಿನಲ್ಲಿ ಅವನ ಹೆಸರಿನ ಇಗರ್ಜಿ ಇಂದಿಗೂ ಇದೆ. ಇಂಥವನು ಉಪಕಾರಿಯೆಂಬುದನ್ನು ಒಪ್ಪಿಕೊಂಡೇ ಮುಂದಿನ ಮಾತನ್ನಾಡಬೇಕು.

೧೮೨೩ರಲ್ಲಿ ಪ್ರಕಟವಾದ ತನ್ನ ಪತ್ರಗಳಲ್ಲಿ ದುಬುವಾ ಒಂದು ಅನುಭವವನ್ನು ಹೇಳಿಕೊಂಡಿದ್ದಾನೆ. ತನ್ನ ಸಭೆಯ ಮುಂದೆ ಅವನು ಏಸುಕ್ರಿಸ್ತನು ಹೇಳಿದ ದಾರಿ ತಪ್ಪಿದ ಮಗನ ದೃಷ್ಟಾಂತವನ್ನು ವಿವರಿಸುತ್ತಿದ್ದನು. ಮಗನು ಮನೆಗೆ ಮರಳಿದಾಗ ತಂದೆ ಹರ್ಷದಿಂದ ಕೊಬ್ಬಿದ ಕರುವನ್ನು ಕೊಯ್ಯಿಸಿ ಔತಣ ಮಾಡಿಸಿದನೆಂಬುದು ಆ ಕಥೆಯ ಭಾಗ. ಉಪದೇಶವು ಮುಗಿದ ಮೇಲೆ ಸಭೆಯಲ್ಲಿದ್ದ ಕ್ರೈಸ್ತರೇ ಕೆಲವರು ಅವನ ಬಳಿಗೆ ಬಂದು, ಕರುವಿನ ಪ್ರಸ್ತಾಪ ಮಾಡಬಾರದಿತ್ತೆಂದು ತಿಳಿಹೇಳಿದರು. ಹಿಂದುಗಳಾರಾದರೂ ಕೇಳಿಸಿಕೊಂಡಿದ್ದರೆ ಕ್ರೈಸ್ತರೆಲ್ಲ ಹೀನರೆಂಬ ಅವರ ಅಭಿಪ್ರಾಯ ಇನ್ನಷ್ಟು ಬಲವಾಗುತ್ತಿತ್ತು. ಇನ್ನು ಮುಂದೆ ಈ ಕಥೆ ಹೇಳುವಾಗ ಕರುವಿನ ಬದಲು ಕುರಿಮರಿಯೆಂದು ಹೇಳಬೇಕು ಎಂಬುದು ಅವರ ಸಲಹೆ.

ಈ ಪ್ರಸಂಗವನ್ನು ಓದುವಾಗ ನಗು ಬರಬಹುದು. ಆದರೆ ಇದರಲ್ಲಿ ದೊಡ್ಡ ತತ್ತ್ವವಿದೆ. ಯಹೂದ್ಯರ ನಾಡಿನಲ್ಲಿ ಕೊಬ್ಬಿದ ಕರುವೆಂದರೆ ತಂದೆಯ ಅಪಾರ ವಾತ್ಸಲ್ಯದ ಗುರುತು. ಕಾವೇರಿಯ ದಡದಲ್ಲಿ ಅದೇ ಕರು ಪಾತಕದ ಗುರುತಾಯಿತು. ವಾತ್ಸಲ್ಯವನ್ನು ಹೇಳಹೊರಟ ಮಾತು ಹಿಂಸೆಯನ್ನು ಹೇಳಿಬಿಟ್ಟಿತು. ದುಬುವಾ ಇದನ್ನು ಅರಿತುಕೊಂಡನು. ಬೈಬಲ್ಲನ್ನು ದೇಶಭಾಷೆಗಳಿಗೆ ಪದಕ್ಕೆ ಪದವಿಟ್ಟು ಭಾಷಾಂತರಿಸಿ ಹಂಚುವುದರಿಂದ ಭಕ್ತಿಯ ಬದಲು ಜುಗುಪ್ಸೆಯೇ ಹುಟ್ಟೀತೆಂದು ವಾದಿಸಿದನು. ತನ್ನ ಧರ್ಮದ ಪವಿತ್ರ ಶಬ್ದಗಳು ಪರರ ಕಿವಿಯಲ್ಲಿ ಹೇಗೆ ಅಪವಿತ್ರವಾಗಿ ಕೇಳಿಸುತ್ತವೆಂಬುದನ್ನು ಅವನಷ್ಟು ಸ್ಪಷ್ಟವಾಗಿ ಅರಿತ ಪಾದ್ರಿಗಳು ಆ ಕಾಲದಲ್ಲಿ ವಿರಳ.

ಅಂಥ ದುಬುವಾನೇ ಲಿಂಗದ ಮಾತು ಬಂದಾಗ ಏನು ಮಾಡಿದನು? ಹಿಂದುಗಳ ನಡೆನುಡಿ, ಆಚಾರ, ಸಂಸ್ಕಾರಗಳನ್ನು ಕುರಿತು ಅವನು ಬರೆದ ಗ್ರಂಥವು ಲೋಕಪ್ರಸಿದ್ಧವಾಗಿದೆ. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಅದರ ಹಸ್ತಪ್ರತಿಯನ್ನು ಮೆಚ್ಚಿ ಶಿಫಾರಸು ಮಾಡಿದನು. ಮದರಾಸು ಸರಕಾರವು ಅದನ್ನು ಎರಡು ಸಾವಿರ ವರಹಗಳಿಗೆ ಕೊಂಡಿತು. ೧೮೧೬ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ದುಬುವಾ ತಿದ್ದಿ ಬೆಳೆಸಿದ ಫ್ರೆಂಚ್ ಆವೃತ್ತಿ ೧೮೨೫ರಲ್ಲಿ ಹೊರಬಂದಿತು. ೧೮೯೭ರಲ್ಲಿ ಬೋಚಂಪನ ಇಂಗ್ಲಿಷ್ ಭಾಷಾಂತರದಿಂದ ಅದು ಇನ್ನೂ ಹೆಚ್ಚು ಪ್ರಚಾರಕ್ಕೆ ಬಂದಿತು. ಈ ಗ್ರಂಥದಲ್ಲಿ ಲಿಂಗವನ್ನು ಅವನು ಅಶ್ಲೀಲ ಚಿಹ್ನೆಯೆಂದೇ ಕರೆದಿದ್ದಾನೆ. ನಾಗರಿಕ ದೇಶಗಳಲ್ಲಿ ಹೆಸರೆತ್ತುವುದಕ್ಕೂ ನಾಚಬೇಕಾದ ವಸ್ತುವೆಂಬುದು ಅವನ ಅಭಿಪ್ರಾಯ. ಮೂಲದಲ್ಲಿ ಯಾವುದೋ ಸಾಂಕೇತಿಕ ಅರ್ಥವಿದ್ದಿರಬೇಕೆಂದು ಒಪ್ಪಿಕೊಂಡರೂ, ಕೊರಳಲ್ಲಿ ಲಿಂಗವನ್ನು ಧರಿಸಿದ ಜೀವಂತ ಜನರ ಮನಸ್ಸಿನಲ್ಲಿ ಅದಕ್ಕಿರುವ ಅರ್ಥವೇನೆಂಬುದನ್ನು ಅವನು ಕೇಳಿ ತಿಳಿಯಲಿಲ್ಲ. ತನ್ನ ಕರು ಪರರಿಗೆ ಏನಾಗಿ ಕಾಣುತ್ತದೆಂಬುದನ್ನು ಕಂಡವನು, ಪರರ ಲಿಂಗ ತನಗೆ ಏಕೆ ಹಾಗೆ ಕಾಣುತ್ತಿದೆಯೆಂದು ತನ್ನನ್ನು ತಾನು ಪ್ರಶ್ನಿಸಿಕೊಳ್ಳಲಿಲ್ಲ.

ಲಿಂಗವೆಂಬ ಶಬ್ದದ ಅರ್ಥವ್ಯಾಪ್ತಿಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಚೆನ್ನಾಗಿ ಬಲ್ಲರು. ಸಂಸ್ಕೃತದಲ್ಲಿ ಅದರ ಮೊದಲ ಅರ್ಥ ಗುರುತು, ಚಿಹ್ನೆ. ನ್ಯಾಯಶಾಸ್ತ್ರದಲ್ಲಿ ಬೆಟ್ಟದ ಮೇಲಿನ ಹೊಗೆಯು ಕಾಣದ ಬೆಂಕಿಗೆ ಲಿಂಗ. ಸಾಂಖ್ಯರಲ್ಲಿ ಸೂಕ್ಷ್ಮದೇಹವು ಲಿಂಗಶರೀರ. ಶ್ವೇತಾಶ್ವತರೋಪನಿಷತ್ತು ಪರಮೇಶ್ವರನಿಗೆ ಲಿಂಗವಿಲ್ಲವೆನ್ನುವಾಗ ಆತನನ್ನು ಊಹಿಸಿ ತಿಳಿಯಲು ಯಾವ ಕುರುಹೂ ಸಾಲದೆಂದು ಹೇಳುತ್ತದೆ. ವ್ಯಾಕರಣದಲ್ಲಿ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗಗಳೆಂಬ ವಿಭಾಗವಿದೆ. ಲಿಂಗಕ್ಕೆ ದೇಹದ ಅವಯವವೆಂಬ ಅರ್ಥವೊಂದೇ ಇದ್ದಿದ್ದರೆ ಸ್ತ್ರೀಲಿಂಗವೆಂಬ ಮಾತೇ ಅಸಂಬದ್ಧವಾಗುತ್ತಿತ್ತು. ಕಲ್ಲು ಮರಗಳಿಗೆ ನಪುಂಸಕಲಿಂಗವೆಂಬುದು ಇನ್ನೂ ಅಸಂಬದ್ಧವಾಗುತ್ತಿತ್ತು. ಆಗಮಜ್ಞರು ಸಮಸ್ತ ಜಗತ್ತು ಯಾವುದರಲ್ಲಿ ಲಯಿಸಿ ಮತ್ತೆ ಯಾವುದರಿಂದ ಹೊರಹೊಮ್ಮುವುದೋ ಅದೇ ಲಿಂಗವೆಂದು ನಿರ್ವಚಿಸಿದ್ದಾರೆ. ವೀರಶೈವ ಷಟ್‌ಸ್ಥಲದಲ್ಲಿ ಅಂಗವೆಂದರೆ ಜೀವ, ಲಿಂಗವೆಂದರೆ ಶಿವ. ಎರಡರ ಸಾಮರಸ್ಯವೇ ಸಾಧನೆಯ ಗುರಿ.

ಶಾಸ್ತ್ರವನ್ನು ಬದಿಗಿಟ್ಟು ವಸ್ತುವನ್ನೇ ನೋಡೋಣ. ಮಗುವಿಗೆ ಲಿಂಗಧಾರಣೆ ಮಾಡಿಸುವ ಇಷ್ಟಲಿಂಗವು ಕರಿಯ ಕಂತಿಯಿಂದ ಲೇಪಿತವಾಗಿ ನುಣುಪಾದ, ಸಣ್ಣ, ಗುಂಡನೆಯ ಆಕಾರವುಳ್ಳದ್ದು. ಅದನ್ನು ವಸ್ತ್ರದಲ್ಲಿಯೋ ಬೆಳ್ಳಿಯ ಕರಡಿಗೆಯಲ್ಲಿಯೋ ಇರಿಸಿ, ಶಿವದಾರದಿಂದ ಕಟ್ಟಿ ಎದೆಯ ಮೇಲೆ ಧರಿಸುತ್ತಾರೆ. ಪೂಜೆಯ ವೇಳೆಯಲ್ಲಿ ಎಡಗೈಯ ಅಂಗೈಯಲ್ಲಿಟ್ಟು ಅದರಲ್ಲಿ ದೃಷ್ಟಿಯನ್ನು ನಿಲ್ಲಿಸುತ್ತಾರೆ. ಹೆಣ್ಣು, ಗಂಡು, ಹಿರಿಯ, ಕಿರಿಯರೆಂಬ ಭೇದವಿಲ್ಲದೆ ಎಲ್ಲರೂ ಧರಿಸುವ ಈ ವಸ್ತುವನ್ನು ಕಂಡು ಯಾವ ತಾಯಿಯೂ ನಾಚಿದ್ದಿಲ್ಲ. ಈ ನಾಲ್ಕು ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ ಲಿಂಗಪ್ಪ, ಲಿಂಗಮ್ಮ, ಲಿಂಗರಾಜ, ಮಹಾಲಿಂಗ ಎಂಬ ಹೆಸರುಗಳು ಕಿವಿಗೆ ಬೀಳುತ್ತವೆ. ಲಿಂಗಧಾರಿಗಳಲ್ಲದ ಮನೆಗಳಲ್ಲಿಯೂ ಈ ಹೆಸರುಗಳುಂಟು. ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ ಹೊಯ್ಸಳರ ಕಾಲದ ಪಂಚಲಿಂಗೇಶ್ವರ ದೇವಾಲಯವಿದೆ. ಸಾಲಾಗಿ ಐದು ಗರ್ಭಗುಡಿಗಳು, ಐದು ಲಿಂಗಗಳು. ಅಲ್ಲಿ ಮಕ್ಕಳನ್ನು ಕರೆದೊಯ್ದು ಕೈಮುಗಿಸುವ ಗೃಹಿಣಿಗೆ ಅಶ್ಲೀಲವೆಂಬ ಭಾವವೇ ಸುಳಿಯದು. ಹೆತ್ತ ಮಗುವಿಗೆ ಹೆಸರಿಡುವಾಗ ಯಾವ ತಂದೆತಾಯಿಗಳೂ ಹೇಸಿಗೆಯ ಮಾತನ್ನು ಆರಿಸುವುದಿಲ್ಲವೆಂಬ ಸರಳವಾದ ಸಂಗತಿಯೇ ಇಲ್ಲಿ ಸಾಕಷ್ಟು ಪ್ರಮಾಣ.

ಹಾಗೆಂದು ಚರಿತ್ರೆಯ ಸತ್ಯಕ್ಕೆ ನಾವು ಬೆನ್ನು ತಿರುಗಿಸಬೇಕಾಗಿಲ್ಲ. ಸಂಸ್ಕೃತ ಕೋಶಗಳಲ್ಲಿ ಈ ಶಬ್ದಕ್ಕೆ ಅವಯವದ ಅರ್ಥವೂ ಒಂದಾಗಿ ಉಂಟು. ಆಂಧ್ರದ ಗುಡಿಮಲ್ಲಂನಲ್ಲಿರುವ ಅತಿ ಪ್ರಾಚೀನ ಲಿಂಗವು ಅಂಥ ಆಕಾರವನ್ನು ಹೊಂದಿರುವುದನ್ನು ಕಲಾಚರಿತ್ರಕಾರರು ಗುರುತಿಸಿದ್ದಾರೆ. ಆದರೆ ಒಂದು ವಸ್ತುವಿನ ಅತಿ ದೂರದ ಮೂಲವನ್ನು ಹುಡುಕುವುದು ಒಂದು ಕಾರ್ಯ. ಇಂದು ಅದನ್ನು ಅಂಗೈಯಲ್ಲಿಟ್ಟುಕೊಂಡವನಿಗೆ ಅದರ ಅರ್ಥವೇನೆಂದು ತಿಳಿಯುವುದು ಬೇರೆಯ ಕಾರ್ಯ. ಕಾವೇರಿಯು ತಲಕಾವೇರಿಯಲ್ಲಿ ಹುಟ್ಟಿದಳೆಂಬುದು ನಿಜ. ಶ್ರೀರಂಗಪಟ್ಟಣವನ್ನು ಸುತ್ತುವರಿದು ಹರಿಯುವ ವೇಳೆಗೆ ಹೇಮಾವತಿ, ಲಕ್ಷ್ಮಣತೀರ್ಥಗಳ ನೀರೂ ಅವಳಲ್ಲಿ ಬೆರೆತಿರುತ್ತದೆ. ಇಲ್ಲಿ ಮೀಯುವವನು ಈ ನೀರಿನಲ್ಲಿಯೇ ಮೀಯುತ್ತಾನೆ. ಶಬ್ದಗಳೂ ಹಾಗೆಯೇ ಹರಿದು ಬಂದವು.

ದುಬುವಾನ ಈ ಪ್ರಮಾದಕ್ಕೆ ಕಾರಣವೇನು? ದುರುದ್ದೇಶವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಅದು ನ್ಯಾಯವಲ್ಲ. ಅವನ ಗ್ರಂಥದ ಬಹುಭಾಗವು ಅವನ ಸ್ವಂತ ಅವಲೋಕನದ ಫಲವಾಗಿರದೆ, ತೆಲುಗು ಸೀಮೆಯಲ್ಲಿ ಬಹುಕಾಲವಿದ್ದು ೧೭೭೯ರಲ್ಲಿ ತೀರಿಕೊಂಡ ಕೋರ್ದು ಎಂಬ ಜೆಸ್ವಿಟ್ ಪಾದ್ರಿಯ ಹಸ್ತಪ್ರತಿಯನ್ನು ಆಧರಿಸಿದ್ದೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮೂರ್ ೧೯೮೭ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ತೋರಿಸಿಕೊಟ್ಟರು. ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್ ಭಾಷೆಗಳಿಗೂ ಇರುವ ನೆಂಟತನವನ್ನು ಮೊದಮೊದಲು ಗುರುತಿಸಿದ ವಿದ್ವಾಂಸರಲ್ಲಿ ಕೋರ್ದು ಒಬ್ಬ. ಶ್ರೀರಂಗಪಟ್ಟಣದ ಜನರ ಮಧ್ಯದಲ್ಲಿ ಕುಳಿತವನು ಅವರನ್ನು ಕುರಿತು ಬರೆಯುವಾಗ ಇನ್ನೊಬ್ಬರ ಕಾಗದವನ್ನು ನೋಡಿಕೊಂಡು ಬರೆದನು. ಪಕ್ಕದ ಮನೆಯ ಬಾಗಿಲು ತಟ್ಟಿದ್ದರೆ ದೊರೆಯುತ್ತಿದ್ದ ಉತ್ತರವು ಕಾಗದದಲ್ಲಿ ದೊರೆಯಲಿಲ್ಲ.

ಈ ತಪ್ಪನ್ನು ತಿದ್ದಲು ಮುಂದೆ ಬಂದವರಲ್ಲಿಯೂ ಪರದೇಶೀಯನೊಬ್ಬನಿದ್ದನೆಂಬುದು ಗಮನಾರ್ಹ. ತೆಲುಗು ನಿಘಂಟುವಿನಿಂದ ಪ್ರಖ್ಯಾತನಾದ ಚಾರ್ಲ್ಸ್ ಫಿಲಿಪ್ ಬ್ರೌನ್ ೧೮೪೦ರಲ್ಲಿ ಜಂಗಮರ ಮತ, ಆಚಾರ ಮತ್ತು ಸಾಹಿತ್ಯವನ್ನು ಕುರಿತು ಮದರಾಸಿನ ವಿದ್ವತ್ಪತ್ರಿಕೆಯೊಂದರಲ್ಲಿ ಲೇಖನ ಬರೆದನು. ಪಾಲ್ಕುರಿಕೆ ಸೋಮನಾಥನ ಬಸವಪುರಾಣವೇ ಮೊದಲಾದ ವೀರಶೈವರ ಸ್ವಂತ ಗ್ರಂಥಗಳನ್ನು ಅವನು ತೆಲುಗಿನಲ್ಲಿ ಓದಿದ್ದನು. ಮುಸಲ್ಮಾನನ ಮನಸ್ಸಿನಲ್ಲಿ ಸುನ್ನತಿಯ ಸಂಸ್ಕಾರಕ್ಕೆ ಹೇಗೆ ಅಸಭ್ಯತೆಯ ಲೇಶವೂ ಇಲ್ಲವೋ ಹಾಗೆ ಇವರ ಮನಸ್ಸಿನಲ್ಲಿ ಲಿಂಗಕ್ಕೂ ಇಲ್ಲವೆಂದು ಅವನು ವಾದಿಸಿದನು. ಅಂಥ ಆರೋಪಗಳು ಇವರ ಪ್ರತಿಪಕ್ಷದವರ ಬಾಯಿಂದ ಬಂದವುಗಳೆಂದೂ ಸೂಚಿಸಿದನು. ೧೮೭೬ರಲ್ಲಿ ರೆವರೆಂಡ್ ಕಿಟ್ಟೆಲ್ ಲಿಂಗಪೂಜೆಯ ಮೂಲವನ್ನು ಕುರಿತು ಜರ್ಮನ್ ಭಾಷೆಯಲ್ಲಿ ಪುಸ್ತಕವೊಂದನ್ನು ಬರೆದು ಮಂಗಳೂರಿನಲ್ಲಿ ಪ್ರಕಟಿಸಿದನು. ಇವರ ನಿರ್ಣಯಗಳೆಲ್ಲವನ್ನೂ ನಾವು ಒಪ್ಪಬೇಕಾಗಿಲ್ಲ. ಆದರೆ ದುಬುವಾನೂ ಪರಂಗಿ, ಬ್ರೌನನೂ ಪರಂಗಿ. ಅವರಿಬ್ಬರ ನಡುವಿನ ಅಂತರವು ಜಾತಿಯದೂ ಅಲ್ಲ, ಮತದ್ದೂ ಅಲ್ಲ. ಒಬ್ಬನು ಇತರರಿಂದ ಕೇಳಿ ಬರೆದನು. ಇನ್ನೊಬ್ಬನು ಆ ಜನರ ಗ್ರಂಥವನ್ನೇ ಓದಿ ಬರೆದನು.

ಇಷ್ಟನ್ನು ಹೇಳಿದ ಮೇಲೆ ನಮ್ಮ ಕಡೆಗೂ ಒಮ್ಮೆ ಕನ್ನಡಿಯನ್ನು ತಿರುಗಿಸಿಕೊಳ್ಳದಿದ್ದರೆ ವಿವೇಚನೆ ಅಪೂರ್ಣವಾಗುತ್ತದೆ. ನಮ್ಮ ಸಾಹಿತ್ಯದಲ್ಲಿ ‘ಭವಿ’ ಎಂಬ ಶಬ್ದವಿದೆ. ಹುಟ್ಟುಸಾವುಗಳ ಭವಚಕ್ರದಲ್ಲಿ ಸಿಕ್ಕಿದವನು ಎಂಬುದು ಅದರ ತಾತ್ತ್ವಿಕಾರ್ಥ; ದೀಕ್ಷೆಯ ಮುಂಚೆ ಯಾವ ಜೀವಿಯೂ ಭವಿಯೇ. ಈ ಅರ್ಥದಲ್ಲಿ ಅದು ಮರುಕದ ಮಾತು. ಆದರೆ ಲಿಂಗವಿಲ್ಲದವನನ್ನು ನಿವಾರಿಸುವುದಕ್ಕೂ, ಅವನ ನೀರನ್ನು, ನೆರಳನ್ನು ದೂರವಿಡುವುದಕ್ಕೂ ಈ ಶಬ್ದವನ್ನು ಬಳಸಿದ ಕಾಲವೂ ಉಂಟು. ಪಂಕ್ತಿಯ ಹೊರಗೆ ನಿಂತವನ ಕಿವಿಗೆ ಭವಿಯೆಂಬುದು ತತ್ತ್ವವಾಗಿ ಕೇಳಿಸಿರಲಾರದು. ಪರಂಗಿಯೆಂಬ ಮಾತು ಡಿ ನೊಬಿಲಿಗೆ ಕೇಳಿಸಿದಂತೆಯೇ ಕೇಳಿಸಿರಬೇಕು. ಜಾತಿಕುಲಗಳ ಗೋಡೆಯನ್ನು ಒಡೆಯಲು ಹನ್ನೆರಡನೆಯ ಶತಮಾನದಲ್ಲಿ ಬಾಳನ್ನೇ ಸವೆಸಿದ ಶರಣರ ಮಾತಿನಿಂದಲೇ ಇನ್ನೊಂದು ಗೋಡೆ ಎದ್ದುದು ವಿಷಾದಕರ. ಲಿಂಗವೆಂಬ ಶಬ್ದವನ್ನು ಪರರು ನಮ್ಮಿಂದ ಕೇಳಿ ತಿಳಿಯಲೆಂದು ಅಪೇಕ್ಷಿಸುವ ನಾವು, ಭವಿಯೆಂಬ ಶಬ್ದವು ಪರರಿಗೆ ಹೇಗೆ ಕೇಳಿಸಿತೆಂದು ಅವರಿಂದ ಕೇಳಿ ತಿಳಿಯಲು ಸಿದ್ಧರಿರಬೇಕು.

ಈ ವಿವೇಚನೆಯಿಂದ ಹೊರಡುವ ತಾತ್ಪರ್ಯವಿಷ್ಟು. ಶಬ್ದವನ್ನಾಗಲಿ ವಸ್ತುವನ್ನಾಗಲಿ ಕಂಡೊಡನೆ ನಮ್ಮ ಮನೆಯ ಅರ್ಥವನ್ನು ಅದಕ್ಕೆ ಹೊದಿಸುವುದು ಮನುಷ್ಯಸ್ವಭಾವ. ಅದನ್ನು ಪೂರ್ತಿಯಾಗಿ ತಪ್ಪಿಸಲಾಗದು. ಆದರೆ ಹೊದಿಸಿದ ಮೇಲೆ ಒಂದು ಕ್ಷಣ ನಿಂತು, ಇದು ಯಾರದೋ ಅವರು ಇದನ್ನು ಏನೆಂದು ತಿಳಿದಿದ್ದಾರೆಂದು ವಿಚಾರಿಸುವುದು ನಮ್ಮ ಕೈಯಲ್ಲಿದೆ. ವಿದ್ಯಾವಂತರಾದ ನಮ್ಮ ಯುವಕ ಯುವತಿಯರು ಇಂದು ಓದಿಗಾಗಿಯೂ ಉದ್ಯೋಗಕ್ಕಾಗಿಯೂ ದೂರದೇಶಗಳಿಗೆ ಹೋಗುತ್ತಿದ್ದಾರೆ. ಕೊರಳಿನ ಕರಡಿಗೆಯನ್ನು ಕಂಡು ಅಲ್ಲಿಯವರು ಪ್ರಶ್ನಿಸಬಹುದು. ಹಳೆಯ ಪುಸ್ತಕಗಳಿಂದ ತಿಳಿದ ಉತ್ತರವನ್ನು ಅವರೇ ಮುಂದಿಡಬಹುದು. ಆಗ ಸಿಟ್ಟಾಗುವುದಾಗಲಿ, ನಾಚಿ ಕರಡಿಗೆಯನ್ನು ಅಂಗಿಯೊಳಗೆ ಸೇರಿಸಿಕೊಳ್ಳುವುದಾಗಲಿ ಬೇಡ. ದುಬುವಾನ ಸಭೆಯಲ್ಲಿದ್ದ ಆ ಹೆಸರರಿಯದ ಶ್ರೋತೃಗಳನ್ನು ನೆನೆಯುವುದು ಒಳಿತು. ಅವರು ಮಾತನ್ನು ನುಂಗಿಕೊಂಡು ಸುಮ್ಮನಿರಲಿಲ್ಲ. ಬಳಿಗೆ ಹೋಗಿ ತಿಳಿಹೇಳಿದರು. ಹೇಳುವ ಧೈರ್ಯವು ಅವರಲ್ಲಿತ್ತು, ಕೇಳುವ ಕಿವಿ ಅಂದು ಅವನಲ್ಲಿತ್ತು.

ಲಿಂಗದ ವಿಷಯದಲ್ಲಿಯೂ ಹಾಗೆ ತಿಳಿಹೇಳುವವರೊಬ್ಬರು ಅವನಿಗೆ ಶ್ರೀರಂಗಪಟ್ಟಣದಲ್ಲಿ ದೊರೆತಿದ್ದರೆ, ಅಥವಾ ದೊರೆತವರನ್ನು ಅವನು ಕೇಳಿದ್ದರೆ, ಲೋಕಪ್ರಸಿದ್ಧವಾದ ಆ ಗ್ರಂಥದ ಒಂದೆರಡು ಪುಟಗಳು ಬೇರೆಯಾಗಿರುತ್ತಿದ್ದವು. ಕಾಳಿದಾಸನು ವಾಗರ್ಥಗಳ ಅರಿವಿಗಾಗಿ ಪಾರ್ವತೀಪರಮೇಶ್ವರರನ್ನು ಪ್ರಾರ್ಥಿಸಿದನು. ನಮ್ಮ ಮಾತಿನ ಅರ್ಥದೊಡನೆ ನೆರೆಯವನ ಮಾತಿನ ಅರ್ಥವನ್ನೂ ಅರಿಯುವ ಬುದ್ಧಿಯನ್ನು ಶಿವನು ನಮಗೆಲ್ಲರಿಗೂ ಕರುಣಿಸಲಿ.